ಶಹಾಪುರ ಸೀಮೆಯಲ್ಲಿ ರಾಸಾಯನಿಕ ಸಮೀಕರಣದ ಪಾಠ

ರಾಸಾಯನಿಕ ಸಮೀಕರಣವನ್ನು ಸರಿದೂಗಿಸುವುದೆಂದರೆ ಬಾಣದ ಗುರುತಿನ ಎರಡೂ ಬದಿಯಲ್ಲಿ ಪ್ರತಿಯೊಂದು ಧಾತುವಿನ ಪರಮಾಣುಗಳ ಸಂಖ್ಯೆ ಒಂದೇ ಆಗುವಂತೆ ಬರೆಯುವುದು. ಕ್ರಿಯೆಯ ಮೊದಲು ಇದ್ದಷ್ಟೇ ದ್ರವ್ಯ ಆಮೇಲೂ ಇರುತ್ತದೆ ಎಂಬುದನ್ನು ಫ್ರಾನ್ಸಿನ ಲಾವೋಸಿಯೇ ತಕ್ಕಡಿ ಹಿಡಿದು ತೋರಿಸಿ, 1789ರ ತನ್ನ ಗ್ರಂಥದಲ್ಲಿ ನಿಯಮವಾಗಿ ಬರೆದ. ಅಕ್ಷರಗಳಿಂದ ಧಾತುಗಳನ್ನು ಗುರುತಿಸುವ ಪದ್ಧತಿ ಸ್ವೀಡನ್ನಿನ ಬರ್ಜೀಲಿಯಸ್‌ನಿಂದ 1813-14ರಲ್ಲಿ ಬಂತು. ಆದರೂ ನೀರಿನಲ್ಲಿ ಹೈಡ್ರೋಜನ್ ಪರಮಾಣು ಒಂದೋ ಎರಡೋ ಎಂಬ ವಾದ ದಶಕಗಟ್ಟಲೆ ನಡೆಯಿತು. ಸೂತ್ರವೇ ಗಟ್ಟಿಯಿಲ್ಲದಿದ್ದಾಗ ಲೆಕ್ಕ ಕೂಡುವುದಾದರೂ ಹೇಗೆ? 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಇಟಲಿಯ ಕನ್ನಿಜಾರೊ ಮಂಡಿಸಿದ ವಿಚಾರಗಳು ಈ ಗೊಂದಲ ಕಳೆಯಲು ದಾರಿ ಮಾಡಿದವು.

ಅದೇ 1860ರಲ್ಲಿ ಶಹಾಪುರದ ನೆರೆಯ ಸುರಪುರ ಸಂಸ್ಥಾನ ಹೈದರಾಬಾದಿನ ನಿಜಾಮನ ಆಡಳಿತಕ್ಕೆ ಸೇರಿತು. ಮುಂದೆ ಶಹಾಪುರ, ಸುರಪುರ, ಯಾದಗಿರಿಗಳು ಹೈದರಾಬಾದ್ ಸಂಸ್ಥಾನದ ಕಲಬುರಗಿ ಜಿಲ್ಲೆಯಲ್ಲಿದ್ದವು. ಮನೆಮಾತು ಕನ್ನಡವಾದರೂ ಸರ್ಕಾರಿ ಹೈಸ್ಕೂಲಿನ ಪಾಠ ಹೆಚ್ಚಾಗಿ ಉರ್ದುವಿನಲ್ಲೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉಚ್ಚ ಶಿಕ್ಷಣವನ್ನೂ ಉರ್ದುವಿನಲ್ಲಿ ಕೊಟ್ಟಿತು. ಅದರ ಅನುವಾದ ವಿಭಾಗ ವಿಜ್ಞಾನ ಗ್ರಂಥಗಳನ್ನು ಉರ್ದುವಿಗೆ ತಂದದ್ದು ನಿಜಕ್ಕೂ ದೊಡ್ಡ ಕೆಲಸ. ಆದರೆ ಈ ಸೀಮೆಯ ಕನ್ನಡದ ಹುಡುಗನಿಗೆ ರಸಾಯನಶಾಸ್ತ್ರದ ಜೊತೆಗೆ ಮತ್ತೊಂದು ಭಾಷೆಯ ಭಾರವೂ ಬಿತ್ತು. ಅತ್ತ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅದೇ 1918ರಲ್ಲಿ ಕನ್ನಡದಲ್ಲೇ ‘ವಿಜ್ಞಾನ’ ಪತ್ರಿಕೆ ಆರಂಭಿಸಿದ್ದರು.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಪಾಠದ ಭಾಷೆ ಕನ್ನಡವಾಯಿತು. ಇಂದು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯವೇ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು.

ಆ ಅಧ್ಯಾಯದ ಪ್ರಸಿದ್ಧ ಲೆಕ್ಕ ಕಬ್ಬಿಣ ಮತ್ತು ನೀರಾವಿಯದು. ಉತ್ಪನ್ನವಾದ ಕಬ್ಬಿಣದ ಆಕ್ಸೈಡ್‌ನಲ್ಲಿ ನಾಲ್ಕು ಆಕ್ಸಿಜನ್ ಇರುವುದರಿಂದ ನೀರಿನ ಅಣು ನಾಲ್ಕು ಬೇಕು. ಆಗ ಹೈಡ್ರೋಜನ್ ಅಣುಗಳೂ ನಾಲ್ಕಾಗುತ್ತವೆ. ಕೊನೆಗೆ ಕಬ್ಬಿಣದ ಪರಮಾಣು ಮೂರು. ಮಕ್ಕಳು ಎಡವುವುದು ಹೆಚ್ಚಾಗಿ ಒಂದೇ ಕಡೆ: ಸೂತ್ರದ ಎಡಕ್ಕೆ ಸಂಖ್ಯೆ ಹಾಕುವ ಬದಲು ಸೂತ್ರದೊಳಗಿನ ಸಣ್ಣ ಅಂಕಿಯನ್ನೇ ತಿದ್ದುತ್ತಾರೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಕೂಡಿ ನೀರಾಗುವ ಸಮೀಕರಣದಲ್ಲಿ ನೀರಿನ ಸೂತ್ರಕ್ಕೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಲೆಕ್ಕ ಕೂಡೀತು, ಆದರೆ ಅದು ನೀರಾಗಿ ಉಳಿಯದು, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಇದನ್ನು ಬರಿಯ ನಿಯಮವಾಗಿ ಬಾಯಿಪಾಠ ಮಾಡಿಸಿದರೆ ಪ್ರಯೋಜನ ಕಡಿಮೆ.

ಕಣ್ಣಾರೆ ತೋರಿಸಲು ಈ ಸೀಮೆಗಿಂತ ಒಳ್ಳೆಯ ನೆಲ ಅಪರೂಪ. ಶಹಾಪುರ ತಾಲ್ಲೂಕಿನ ಗೋಗಿಯ ಸುತ್ತ ಭೀಮಾ ಶಿಲಾಸಮೂಹದ ಸುಣ್ಣಕಲ್ಲಿದೆ. ಮನೆಗಳಿಗೆ ಹಾಸುವ ಶಹಾಬಾದ್ ಪರಸಿಯೂ ಅದೇ ಸಮೂಹದ್ದು. ಶುದ್ಧ ಸುಣ್ಣಕಲ್ಲು 100 ಗ್ರಾಂ ಸುಟ್ಟರೆ ಸುಟ್ಟ ಸುಣ್ಣ 56 ಗ್ರಾಂ ಉಳಿಯುತ್ತದೆ, 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಆ ಸುಣ್ಣವನ್ನು ನೀರಲ್ಲಿ ಅರಳಿಸಿ ಗೋಡೆಗೆ ಬಳಿದರೆ ಅದು ಗಾಳಿಯಿಂದ ಅದೇ ಅನಿಲವನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಈ ಮೂರು ಸಮೀಕರಣಗಳೂ ಬರೆದೊಡನೆಯೇ ಸರಿದೂಗಿರುತ್ತವೆ. ಅದೇ ಕಲ್ಲಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಮಾತ್ರ ಆಮ್ಲದ ಸೂತ್ರದ ಎಡಕ್ಕೆ 2 ಬರೆಯಬೇಕಾಗುತ್ತದೆ, ಏಕೆಂದರೆ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಎರಡು ಕ್ಲೋರಿನ್ ಬೇಕು. ಶಿಕ್ಷಕರು ಕರಿಹಲಗೆಯ ಮೇಲೆ ಬಾಣ ಎಳೆಯುವ ಮೊದಲು ಒಂದು ಚೂರು ಕಲ್ಲು, ಸ್ವಲ್ಪ ಸಾರರಿಕ್ತ ಆಮ್ಲ ಮತ್ತು ಒಂದು ತಕ್ಕಡಿಯನ್ನು ಮೇಜಿನ ಮೇಲಿಟ್ಟು ಮಕ್ಕಳ ಕೈಯಲ್ಲೇ ತೂಗಿಸಬೇಕು.