ವೈದ್ಯಕೀಯ ಶಿಕ್ಷಣದಲ್ಲಿ ಆನ್‌ಲೈನ್ ಕಲಿಕೆ: ಚಿತ್ರದುರ್ಗ–ದಾವಣಗೆರೆ ಪರಿಸರದ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ಅವಲೋಕನ

ತಾಳ್ಯವು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ಹೋಬಳಿ ಕೇಂದ್ರ. ಇಂಥ ಊರುಗಳಿಗೆ ಸೇವೆಗೆಂದು ಬರುವ ಯುವ ವೈದ್ಯರ ಪಕ್ಕದಲ್ಲಿ ಪ್ರಾಧ್ಯಾಪಕರಾಗಲಿ ತಜ್ಞರಾಗಲಿ ಇರುವುದಿಲ್ಲ. ಅವರು ಕಲಿತು ಬಂದ ವಿದ್ಯೆಯೇ ಅವರಿಗೂ ರೋಗಿಗೂ ಆಸರೆ. ಆದ್ದರಿಂದ ವೈದ್ಯವಿದ್ಯಾರ್ಥಿಗಳು ಏನನ್ನು ಕಲಿತರು, ಹೇಗೆ ಕಲಿತರು ಎಂಬ ಪ್ರಶ್ನೆ ಕಾಲೇಜಿನ ಆವರಣದಲ್ಲಿಯೇ ಮುಗಿಯುವಂಥದ್ದಲ್ಲ. ಕಳೆದ ಎರಡು ದಶಕಗಳಲ್ಲಿ ಈ ಕಲಿಕೆಯೊಳಗೆ ಪ್ರವೇಶಿಸಿದ ಆನ್‌ಲೈನ್ ಮಾಧ್ಯಮವನ್ನು ವಿದ್ಯಾರ್ಥಿಗಳೂ ಅಧ್ಯಾಪಕರೂ ಹೇಗೆ ಕಂಡರು, ಅದರ ಸಾಧ್ಯತೆ ಮತ್ತು ಮಿತಿಗಳು ಯಾವುವು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೈಸೂರು ಸಂಸ್ಥಾನದ ಮೊದಲ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡು 1930ರಲ್ಲಿ ಮೈಸೂರಿಗೆ ಸ್ಥಳಾಂತರವಾಯಿತು. ಮಣಿಪಾಲದಲ್ಲಿ 1953ರಲ್ಲಿ, ಬೆಂಗಳೂರಿನಲ್ಲಿ 1955ರಲ್ಲಿ, ಹುಬ್ಬಳ್ಳಿಯಲ್ಲಿ 1957ರಲ್ಲಿ ಕಾಲೇಜುಗಳು ತಲೆಯೆತ್ತಿದವು. ಮಧ್ಯ ಕರ್ನಾಟಕದ ಪಾಲಿಗೆ 1965 ಮುಖ್ಯವಾದ ವರ್ಷ. ಆ ವರ್ಷ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸ್ಥಾಪಿತವಾದಾಗ ಆ ನಗರವು ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮುಂದೆ ಚಿತ್ರದುರ್ಗ ನಗರದಲ್ಲಿ 1999ರಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜೂ 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಪ್ರಾರಂಭವಾದವು. ಈ ಎಲ್ಲ ಸಂಸ್ಥೆಗಳೂ ಆಸ್ಪತ್ರೆಯ ಆಶ್ರಯದಲ್ಲಿಯೇ ಬೆಳೆದವು ಎಂಬುದು ಗಮನಾರ್ಹ. ರೋಗಿ ಇಲ್ಲದೆಡೆ ವೈದ್ಯಶಿಕ್ಷಣವಿಲ್ಲ ಎಂಬುದು ಅವುಗಳ ರಚನೆಯಲ್ಲಿಯೇ ಅಡಗಿದ್ದ ತತ್ತ್ವ.

ದೂರದಿಂದ ಕಲಿಯುವ ಏರ್ಪಾಡು ಮೊದಲು ಬಂದದ್ದು ಗ್ರಂಥಾಲಯದ ಮೂಲಕ. 1996ರಲ್ಲಿ ಅಸ್ತಿತ್ವಕ್ಕೆ ಬಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ಹೆಲಿನೆಟ್ ಎಂಬ ಜಾಲವನ್ನು ಆರಂಭಿಸಿ, ತನ್ನ ಅಧೀನದ ಕಾಲೇಜುಗಳಿಗೆ ವಿದ್ವತ್‌ಪತ್ರಿಕೆಗಳನ್ನು ಗಣಕಯಂತ್ರದ ಮೂಲಕ ಒದಗಿಸಿತು. ಇದಕ್ಕೆ ತುಸು ಮುನ್ನ, 2002ರಲ್ಲಿ, ಇಸ್ರೋದ ಉಪಗ್ರಹ ಸಂಪರ್ಕದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ಹೃದ್ರೋಗ ತಜ್ಞರೊಡನೆ ಜೋಡಿಸಲಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಿಂದ ಅಮೆರಿಕದ ಎಕೋ ಮಾದರಿಯನ್ನು ಅಳವಡಿಸಿಕೊಂಡು, ದೂರದ ವೈದ್ಯರು ತಾವು ಕಂಡ ರೋಗಿಗಳ ವಿವರವನ್ನು ತಜ್ಞರ ಮುಂದಿಟ್ಟು ಚರ್ಚಿಸುವ ವ್ಯವಸ್ಥೆ ರೂಪಿಸಿತು. ಚಾಮರಾಜನಗರದ ಮತ್ತು ನಿಮ್ಹಾನ್ಸ್‌ನ ಏರ್ಪಾಡುಗಳೆರಡರಲ್ಲೂ ಒಂದು ಸಾಮ್ಯವಿದೆ. ದೂರವಿದ್ದವರು ತಜ್ಞರು, ರೋಗಿಯಂತೂ ವೈದ್ಯರ ಎದುರಿಗೇ ಇದ್ದರು.

2020ರ ಮಾರ್ಚ್‌ನಲ್ಲಿ ಕೊರೊನಾ ಪಿಡುಗಿನಿಂದ ಕಾಲೇಜುಗಳು ಮುಚ್ಚಿದಾಗ ಈ ಸಂಬಂಧ ತಲೆಕೆಳಗಾಯಿತು. ಅಧ್ಯಾಪಕರು ಪರದೆಯ ಮೇಲೆ ಕಾಣುತ್ತಿದ್ದರು, ರೋಗಿ ಮಾತ್ರ ಕಾಣೆಯಾದರು. ಆಗ ಮೊದಲ ವರ್ಷದಲ್ಲಿದ್ದವರು 2019ರ ಆಗಸ್ಟ್‌ನಲ್ಲಿ ಹೊಸ ಸಾಮರ್ಥ್ಯಾಧಾರಿತ ಪಠ್ಯಕ್ರಮದಡಿ ಸೇರಿದ್ದ ಪ್ರಥಮ ತಂಡದವರು. ಈ ಪಠ್ಯಕ್ರಮವು ಕಲಿಕೆಯನ್ನು ನಾಲ್ಕು ಹಂತಗಳಲ್ಲಿ ಅಳೆಯುತ್ತದೆ: ವಿಷಯವನ್ನು ತಿಳಿದಿರುವುದು, ಹೇಗೆ ಮಾಡಬೇಕೆಂದು ತಿಳಿದಿರುವುದು, ಮಾಡಿ ತೋರಿಸುವುದು, ಸ್ವತಂತ್ರವಾಗಿ ನಿರ್ವಹಿಸುವುದು. ಆನ್‌ಲೈನ್ ತರಗತಿ ಮೊದಲೆರಡು ಹಂತಗಳನ್ನು ಮುಟ್ಟಬಲ್ಲದಾಗಿತ್ತು. ಉಳಿದೆರಡಕ್ಕೆ ಅಂಗಚ್ಛೇದನ ಶಾಲೆಯೂ ವಾರ್ಡೂ ಬೇಕಾಗಿದ್ದವು. ರಾಜ್ಯದಲ್ಲಿ ವೈದ್ಯಕೀಯ ಕಾಲೇಜುಗಳು ಮತ್ತೆ ತೆರೆದದ್ದು 2020ರ ಡಿಸೆಂಬರ್ 1ರಂದು.

ಈ ಅವಧಿಯ ಅಭಿಪ್ರಾಯಗಳನ್ನು ಹಲವು ದೇಶಗಳ ಸಂಶೋಧಕರು ದಾಖಲಿಸಿದ್ದಾರೆ. ಬ್ರಿಟನ್ನಿನ 39 ವೈದ್ಯಕೀಯ ಶಾಲೆಗಳ 2721 ವಿದ್ಯಾರ್ಥಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ತಮಗೆ ಅನುಕೂಲವಾದ ವೇಳೆಯಲ್ಲಿ ಕಲಿಯಬಹುದೆಂಬುದನ್ನು ವಿದ್ಯಾರ್ಥಿಗಳು ಮೆಚ್ಚಿದ್ದರು. ಮನೆಮಂದಿಯಿಂದಾಗುವ ಅಡಚಣೆಯನ್ನು ಸುಮಾರು ಶೇ. 27ರಷ್ಟು, ಅಂತರಜಾಲದ ದೌರ್ಬಲ್ಯವನ್ನು ಸುಮಾರು ಶೇ. 22ರಷ್ಟು ತೊಡಕುಗಳಾಗಿ ಗುರುತಿಸಲಾಗಿತ್ತು. ಶ್ರೀಮಂತ ರಾಷ್ಟ್ರವೊಂದರ ಸ್ಥಿತಿ ಇದಾದರೆ, ಒಂದೇ ಕೋಣೆಯಲ್ಲಿ ಇಡೀ ಸಂಸಾರ ಬಾಳುವ ಮನೆಯಿಂದ ಬಂದ ವಿದ್ಯಾರ್ಥಿಯ ಪಾಡನ್ನು ಊಹಿಸುವುದು ಕಷ್ಟವಲ್ಲ. ಅಧ್ಯಾಪಕರ ಕಷ್ಟಗಳು ಪಿಡುಗಿಗಿಂತಲೂ ಹಳೆಯವು. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಐರ್ಲೆಂಡಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ವಿಮರ್ಶೆಯು ಸಮಯದ ಅಭಾವ, ತಾಂತ್ರಿಕ ಪರಿಣತಿಯ ಕೊರತೆ, ಸಾಲದ ಸೌಕರ್ಯ, ಸಂಸ್ಥೆಯ ಬೆಂಬಲವಿಲ್ಲದಿರುವುದು ಮುಂತಾದವನ್ನು ಎತ್ತಿ ತೋರಿಸಿತ್ತು. ಅಂದರೆ 2020ರಲ್ಲಿ ಅಧ್ಯಾಪಕರ ಮೇಲೆ ಬಿದ್ದ ಹೊರೆಗೆ ಯಾವ ಸಿದ್ಧತೆಯೂ ಇರಲಿಲ್ಲ. ವಿದ್ಯಾರ್ಥಿಗಳ ಮುಖ ನೋಡಿ ಪಾಠದ ವೇಗವನ್ನು ನಿರ್ಧರಿಸುತ್ತಿದ್ದವರಿಗೆ ಮುಖಗಳೇ ಇಲ್ಲದ ತರಗತಿ ಎದುರಾಯಿತು.

ಇದೇ ಪ್ರಶ್ನೆ 2022ರಲ್ಲಿ ಇನ್ನಷ್ಟು ತೀಕ್ಷ್ಣವಾಯಿತು. ಫೆಬ್ರವರಿ 24ರಂದು ಉಕ್ರೇನ್ ಮೇಲೆ ಯುದ್ಧ ಆರಂಭವಾದ ಮೇಲೆ ಅಲ್ಲಿ ಓದುತ್ತಿದ್ದ ಸಾವಿರಾರು ಭಾರತೀಯ ವೈದ್ಯವಿದ್ಯಾರ್ಥಿಗಳು ತಾಯ್ನಾಡಿಗೆ ಮರಳಿ, ಮನೆಯಿಂದಲೇ ಪಾಠ ಕೇಳಬೇಕಾಯಿತು. ಕೇವಲ ಆನ್‌ಲೈನ್‌ನಲ್ಲಿ ಪಡೆದ ವೈದ್ಯಶಿಕ್ಷಣವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಒಪ್ಪಲಿಲ್ಲ. 2022ರ ಜೂನ್ 30ರೊಳಗೆ ಪದವಿ ಪಡೆದ ಅಂತಿಮ ವರ್ಷದವರಿಗೆ ಅರ್ಹತಾ ಪರೀಕ್ಷೆ ಬರೆಯಲು ಅವಕಾಶವಿತ್ತಾದರೂ, ತಪ್ಪಿಹೋದ ಪ್ರಾಯೋಗಿಕ ತರಬೇತಿಯನ್ನು ತುಂಬಿಕೊಡಲು ಅವರ ಇಂಟರ್ನ್‌ಶಿಪ್ ಅವಧಿಯನ್ನು ಎರಡು ವರ್ಷಗಳಿಗೆ ಹೆಚ್ಚಿಸಿತು. ಸಾಲ ಮಾಡಿ ಮಕ್ಕಳನ್ನು ಓದಿಸಿದ ಕುಟುಂಬಗಳಿಗೆ ಇದು ಕಠಿಣವಾದ ಷರತ್ತು. ಆದರೂ ಅದರ ಹಿಂದಿನ ತರ್ಕವನ್ನು ಅಲ್ಲಗಳೆಯಲಾಗದು.

ಅದೇ ವರ್ಷದ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬರು ಶೆಲ್ ದಾಳಿಗೆ ಬಲಿಯಾದರು. ಮಾರ್ಚ್ 21ರಂದು ಊರಿಗೆ ತಲುಪಿದ ಪಾರ್ಥಿವ ಶರೀರವನ್ನು ಅವರ ಕುಟುಂಬದವರು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ವಿದ್ಯಾರ್ಥಿಗಳ ಅಧ್ಯಯನಕ್ಕಾಗಿ ದಾನವಾಗಿ ಒಪ್ಪಿಸಿದರು. ವಾರಸುದಾರರಿಲ್ಲದ ಶವಗಳನ್ನು ಬೋಧನೆಗೆ ಒದಗಿಸಲೆಂದು 1957ರ ಅಂಗರಚನಾಶಾಸ್ತ್ರ ಕಾಯ್ದೆ ಬಂದಿತ್ತು. ಇಲ್ಲಿ ಮಗನನ್ನು ಕಳೆದುಕೊಂಡ ಮನೆಯೇ ಆ ಕಾರ್ಯಕ್ಕೆ ಮುಂದಾಯಿತು. ವೈದ್ಯವಿದ್ಯೆಗೆ ಮನುಷ್ಯದೇಹಕ್ಕಿಂತ ದೊಡ್ಡ ಪಠ್ಯವಿಲ್ಲ ಎಂಬುದನ್ನು ಯಾವ ವಾದಕ್ಕಿಂತಲೂ ಸ್ಪಷ್ಟವಾಗಿ ಈ ದಾನ ಹೇಳುತ್ತದೆ.

ಒಟ್ಟಾರೆಯಾಗಿ ನೋಡಿದರೆ, ಆನ್‌ಲೈನ್ ಕಲಿಕೆಯನ್ನು ಹೊಗಳುವುದೋ ತೆಗಳುವುದೋ ಎಂಬುದು ಸರಿಯಾದ ಪ್ರಶ್ನೆಯಲ್ಲ. ಕಲಿಯುವವರ ಬಳಿ ರೋಗಿ ಇದ್ದಾರೆಯೇ ಎಂಬುದೇ ಇಲ್ಲಿನ ಒರೆಗಲ್ಲು. ನಿಮ್ಹಾನ್ಸ್‌ನ ಚರ್ಚೆಗಳಲ್ಲಿ ಪಾಲ್ಗೊಂಡ ವೈದ್ಯರ ಬಳಿ ರೋಗಿಗಳಿದ್ದರು, ಮಾಧ್ಯಮ ಫಲ ನೀಡಿತು. 2020ರ ವಿದ್ಯಾರ್ಥಿಗಳ ಬಳಿ ಇರಲಿಲ್ಲ, ಕಲಿಕೆ ಅರ್ಧಕ್ಕೆ ನಿಂತಿತು. ಈ ದೃಷ್ಟಿಯಿಂದ ಈ ಮಾಧ್ಯಮದ ನಿಜವಾದ ನೆಲೆ ನಗರದ ಕಾಲೇಜಿಗಿಂತ ಹೆಚ್ಚಾಗಿ ತಾಳ್ಯದಂಥ ಹೋಬಳಿ ಕೇಂದ್ರಗಳಲ್ಲಿದೆ. ಅಲ್ಲಿ ರೋಗಿಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಗುರುವಿಗೆ. ಆ ಗುರುವನ್ನು ತಂತಿಯ ಮೂಲಕ ತಲುಪಿಸಬಹುದು. ಆದರೆ ಅಲ್ಲಿಗೆ ಹೋಗುವ ವೈದ್ಯರ ಕೈ ಅದಕ್ಕೆ ಮುನ್ನವೇ ವಾರ್ಡಿನಲ್ಲಿ ಪಳಗಿರಬೇಕು.