ದುಬೈನಲ್ಲಿ ಹೊಸ ಕಚೇರಿ: ಸಾಮಾನು ಕಳುಹಿಸುವ ಮುನ್ನ ತಿಳಿಯಬೇಕಾದ ಆಮದು ಸುಂಕ

ಬಟ್ಟೆ, ಆಭರಣ, ಸಾಫ್ಟ್‌ವೇರ್, ಲೆಕ್ಕಪತ್ರ ಸೇವೆ ಹೀಗೆ ನಾನಾ ವ್ಯವಹಾರಗಳಲ್ಲಿರುವ ಕುಟುಂಬಗಳು ದುಬೈನಲ್ಲಿ ಶಾಖೆ ತೆರೆಯಲು ಯೋಚಿಸಿದಾಗ ಮೊದಲು ಏಳುವ ಪ್ರಶ್ನೆಗಳಲ್ಲಿ ಇದೂ ಒಂದು: ಮೇಜು, ಕುರ್ಚಿ, ಕಂಪ್ಯೂಟರ್, ಪ್ರಿಂಟರ್‌ಗಳನ್ನು ಇಲ್ಲಿಂದ ಕಳುಹಿಸುವುದೋ, ಅಲ್ಲೇ ಕೊಳ್ಳುವುದೋ? ಯುಎಇಯಲ್ಲಿ ತೆರಿಗೆ ದರ ಕಡಿಮೆ ಎಂಬುದು ನಿಜ. ಆದರೆ ನಿರ್ಧಾರ ಮಾಡಬೇಕಾದದ್ದು ದರ ನೋಡಿ ಅಲ್ಲ, ಸಾಮಾನು ಕಚೇರಿಯ ಬಾಗಿಲಿಗೆ ಬರುವ ಹೊತ್ತಿಗೆ ಆಗುವ ಒಟ್ಟು ಖರ್ಚು ನೋಡಿ. ಆ ಲೆಕ್ಕ ಹಾಕುವ ಬಗೆ ಇಲ್ಲಿದೆ.

ಎರಡು ಬೇರೆ ಬೇರೆ ತೆರಿಗೆಗಳು

ಆಮದಾಗುವ ಸಾಮಾನಿನ ಮೇಲೆ ಎರಡು ತೆರಿಗೆಗಳಿವೆ. ಮೊದಲನೆಯದು ಕಸ್ಟಮ್ಸ್ ಸುಂಕ. ಗಲ್ಫ್ ಸಹಕಾರ ಮಂಡಳಿಯ ದೇಶಗಳು 2003ರಿಂದ ಏಕರೂಪದ ಸುಂಕ ಪದ್ಧತಿಯನ್ನು ಅನುಸರಿಸುತ್ತಿವೆ; ಹೆಚ್ಚಿನ ವಸ್ತುಗಳಿಗೆ ದರ ಶೇ. 5. ಎರಡನೆಯದು ವ್ಯಾಟ್. ಯುಎಇಯಲ್ಲಿ ಇದು 2018ರ ಜನವರಿ 1ರಿಂದ ಜಾರಿಯಲ್ಲಿದೆ. ದರ ಇದಕ್ಕೂ ಶೇ. 5.

ಸುಂಕದ ಲೆಕ್ಕ ಬಿಲ್ಲಿನ ಬೆಲೆಯ ಮೇಲೆ ಮಾತ್ರ ಅಲ್ಲ. ಬೆಲೆ, ವಿಮೆ, ಸಾಗಣೆ ವೆಚ್ಚ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ. ಇದನ್ನು ಸಿಐಎಫ್ ಮೌಲ್ಯ ಎನ್ನುತ್ತಾರೆ. ಈ ಮೌಲ್ಯಕ್ಕೆ ಸುಂಕವನ್ನು ಸೇರಿಸಿದ ಮೇಲೆ ವ್ಯಾಟ್ ಬೀಳುತ್ತದೆ. ಹಾಗಾಗಿ ಬೆಲೆ ಕಡಿಮೆಯಿದ್ದು ಜಾಗ ಹೆಚ್ಚು ಹಿಡಿಯುವ ಸಾಮಾನಿಗೆ ಸಾಗಣೆಯ ದುಡ್ಡಿನ ಮೇಲೂ ತೆರಿಗೆ ಕಟ್ಟಿದಂತಾಗುತ್ತದೆ.

ಒಂದು ಉದಾಹರಣೆ

ಕಂಪ್ಯೂಟರ್‌ಗಳು: ಸಿಐಎಫ್ ಮೌಲ್ಯ 20,000 ದಿರ್ಹಮ್ ಎಂದುಕೊಳ್ಳಿ. ಕಂಪ್ಯೂಟರ್ ಹಾಗೂ ಅದಕ್ಕೆ ಜೋಡಿಸುವ ಪ್ರಿಂಟರ್‌ಗಳು ವಿಶ್ವ ವ್ಯಾಪಾರ ಸಂಸ್ಥೆಯ 1996ರ ಮಾಹಿತಿ ತಂತ್ರಜ್ಞಾನ ಒಪ್ಪಂದದ ವ್ಯಾಪ್ತಿಗೆ ಬರುತ್ತವೆ. ಯುಎಇ ಆ ಒಪ್ಪಂದದಲ್ಲಿ ಸೇರಿರುವುದರಿಂದ ಸುಂಕ ಸೊನ್ನೆ. ವ್ಯಾಟ್ ಮಾತ್ರ 1,000 ದಿರ್ಹಮ್.

ಮೇಜು-ಕುರ್ಚಿಗಳು: ಬೆಲೆ 7,000, ಸಾಗಣೆ ಮತ್ತು ವಿಮೆ 3,000, ಒಟ್ಟು 10,000 ದಿರ್ಹಮ್ ಎಂದುಕೊಳ್ಳಿ. ಶೇ. 5ರ ಸುಂಕ 500. 10,500ರ ಮೇಲೆ ವ್ಯಾಟ್ 525. ಎರಡೂ ಸೇರಿ 1,025 ದಿರ್ಹಮ್. ಅಂದರೆ 7,000ದ ಪೀಠೋಪಕರಣ ಕೈಗೆ ಸಿಗುವಾಗ 11,025 ಆಗಿರುತ್ತದೆ. ಬಂದರಿನ ಶುಲ್ಕ, ಕ್ಲಿಯರಿಂಗ್ ಏಜೆಂಟರ ಶುಲ್ಕ, ಲಾರಿ ಬಾಡಿಗೆ ಇನ್ನೂ ಸೇರಿಲ್ಲ. ಅಲ್ಲಿಯ ಅಂಗಡಿಯಲ್ಲಿ ಅದೇ ಗುಣಮಟ್ಟದ್ದು ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿ, ಈ ಮೊತ್ತದ ಪಕ್ಕದಲ್ಲಿಟ್ಟು ನೋಡಬೇಕು.

ವ್ಯಾಟ್ ವಾಪಸು ಬರುತ್ತದೆಯೇ?

ಸಣ್ಣ ಉದ್ಯಮಕ್ಕೆ ಇದು ಮುಖ್ಯ ಪ್ರಶ್ನೆ. ಕಸ್ಟಮ್ಸ್ ಸುಂಕ ಕಟ್ಟಿದರೆ ಅದು ಖರ್ಚೇ. ವ್ಯಾಟ್ ನೋಂದಣಿ ಇರುವ ಸಂಸ್ಥೆಯಾದರೆ ಆಮದಿನ ವ್ಯಾಟನ್ನು ರಿಟರ್ನ್‌ನಲ್ಲಿ ತೋರಿಸಿ, ವ್ಯವಹಾರ ತೆರಿಗೆಗೆ ಒಳಪಟ್ಟಿದ್ದರೆ ಅಲ್ಲಿಯೇ ವಜಾ ಮಾಡಿಕೊಳ್ಳಬಹುದು. ನೋಂದಣಿ ಇಲ್ಲದವರು ಸಾಮಾನು ಬಿಡಿಸಿಕೊಳ್ಳುವಾಗಲೇ ಕಟ್ಟಬೇಕು. ವಾರ್ಷಿಕ ವಹಿವಾಟು 3,75,000 ದಿರ್ಹಮ್ ಮೀರಿದರೆ ನೋಂದಣಿ ಕಡ್ಡಾಯ. ವಹಿವಾಟು ಅಥವಾ ತೆರಿಗೆಗೆ ಒಳಪಟ್ಟ ಖರ್ಚು 1,87,500 ದಿರ್ಹಮ್ ಮೀರಿದರೆ ಸ್ವಇಚ್ಛೆಯಿಂದ ನೋಂದಾಯಿಸಿಕೊಳ್ಳಬಹುದು. ಕಚೇರಿ ಸಜ್ಜುಗೊಳಿಸಲು ದೊಡ್ಡ ಮೊತ್ತ ಹಾಕುವವರು ಸಾಮಾನು ತರಿಸುವ ಮೊದಲೇ ಈ ಬಗ್ಗೆ ಲೆಕ್ಕಪರಿಶೋಧಕರೊಡನೆ ಮಾತನಾಡುವುದು ಒಳ್ಳೆಯದು.

ಭಾರತದಲ್ಲಿ ತಯಾರಾದ ವಸ್ತುವಾದರೆ

ಭಾರತ-ಯುಎಇ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದ 2022ರ ಮೇ 1ರಿಂದ ಜಾರಿಗೆ ಬಂದಿದೆ. ಇದರ ಪಟ್ಟಿಯಲ್ಲಿ ವಿನಾಯಿತಿ ಇರುವ ವಸ್ತುವಿಗೆ ಸುಂಕ ಕಡಿಮೆಯಾಗುತ್ತದೆ ಅಥವಾ ಪೂರ್ತಿ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ ಸುಂಕ ಪೂರ್ತಿ ಹೋದರೆ ಉಳಿಯುವುದು 500 ದಿರ್ಹಮ್ ವ್ಯಾಟ್ ಮಾತ್ರ.

ಆದರೆ ಭಾರತದಲ್ಲಿ ಕೊಂಡರೆ ಸಾಲದು, ಒಪ್ಪಂದದ ನಿಯಮದಂತೆ ಭಾರತದಲ್ಲೇ ತಯಾರಾಗಿರಬೇಕು. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಚೀನಾದ ಕುರ್ಚಿಗೆ ಈ ಲಾಭವಿಲ್ಲ. ಪುರಾವೆಯಾಗಿ ಒಪ್ಪಂದಕ್ಕೆ ಸಂಬಂಧಿಸಿದ ಮೂಲ ಪ್ರಮಾಣಪತ್ರ ಬೇಕು. ಅರ್ಜಿಯನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಸಲ್ಲಿಸಬೇಕು. ಬಳಸಿದ ಹಳೆಯ ಪೀಠೋಪಕರಣಕ್ಕೆ ಇಂಥ ಪುರಾವೆ ಒದಗಿಸುವುದು ಕಷ್ಟ.

ಫ್ರೀ ಝೋನ್ ಎಂದರೆ ತೆರಿಗೆಯೇ ಇಲ್ಲವೇ?

1985ರಲ್ಲಿ ಆರಂಭವಾದ ಜೆಬೆಲ್ ಅಲಿಯಂಥ ಫ್ರೀ ಝೋನ್‌ಗಳಿಗೆ ಬರುವ ಸರಕಿಗೆ ಕಸ್ಟಮ್ಸ್ ಸುಂಕವಿಲ್ಲ. ಆದರೆ ಅದೇ ಮೇಜನ್ನು ಮುಂದೆ ಊರೊಳಗಿನ ಕಚೇರಿಗೆ ಸಾಗಿಸಿದರೆ ಆಗ ಅದು ಆಮದು ಎನಿಸಿ ಸುಂಕ ಬೀಳುತ್ತದೆ. ವ್ಯಾಟ್ ವಿಷಯದಲ್ಲಿ ಎಲ್ಲ ಫ್ರೀ ಝೋನ್‌ಗಳಿಗೂ ಒಂದೇ ನಿಯಮವಿಲ್ಲ. ಸರ್ಕಾರ ಗುರುತಿಸಿದ ಕೆಲವಕ್ಕೆ ಮಾತ್ರ ವಿಶೇಷ ಸ್ಥಾನವಿದೆ. ಅಲ್ಲಿಯೂ ಮಾರಾಟಕ್ಕೆ ಇಟ್ಟ ಸರಕು ಬೇರೆ, ಸ್ವಂತ ಬಳಕೆಯ ಸಾಮಾನು ಬೇರೆ. ಲೈಸೆನ್ಸ್ ಕೊಡಿಸುವವರ ಮಾತನ್ನಷ್ಟೇ ನಂಬದೆ ಆಯಾ ಝೋನ್‌ನ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಮನೆ ಸಾಮಾನಿನ ಜೊತೆ ಸೇರಿಸಬೇಡಿ

ಮೊದಲ ಬಾರಿಗೆ ವಾಸಕ್ಕೆ ಹೋಗುವವರ ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಸುಂಕ ವಿನಾಯಿತಿ ಇದೆ. ಕಚೇರಿ ಸಾಮಾನಿಗೆ ಅದು ಅನ್ವಯಿಸದು. ಪಾತ್ರೆ-ಪಡಗದ ಪೆಟ್ಟಿಗೆಗಳ ನಡುವೆ ಹತ್ತು ಕಂಪ್ಯೂಟರ್ ಇಟ್ಟು ಕಳುಹಿಸಿದರೆ ಇಡೀ ಸರಕು ತಪಾಸಣೆಗೆ ನಿಲ್ಲಬಹುದು, ದಂಡವೂ ಬೀಳಬಹುದು. ಬೆಲೆಯನ್ನು ಕಡಿಮೆ ತೋರಿಸುವುದೂ ಹಾಗೆಯೇ. ಬಳಸಿದ ವಸ್ತುವಾದರೆ ಹಳೆಯ ಖರೀದಿ ಬಿಲ್ ಹಾಗೂ ಸವಕಳಿ ಕಳೆದ ಮೌಲ್ಯದ ಲೆಕ್ಕವನ್ನು ಜೊತೆಗಿಡಿ. ಹಣ ಪಡೆಯದೆ ಸ್ವಂತ ಶಾಖೆಗೆ ಕಳುಹಿಸಿದರೂ ಇನ್‌ವಾಯ್ಸ್‌ನಲ್ಲಿ ನಿಜವಾದ ಮೌಲ್ಯ ಇರಲೇಬೇಕು.

ಕೆಲಸದ ಅನುಕ್ರಮ

1. ಮೊದಲು ಅಲ್ಲಿಯ ಟ್ರೇಡ್ ಲೈಸೆನ್ಸ್, ನಂತರ ಕಸ್ಟಮ್ಸ್‌ನ ಆಮದುದಾರರ ಕೋಡ್. ಇವೆರಡೂ ಕೈಗೆ ಬರುವ ಮುನ್ನ ಸಾಮಾನು ಹೊರಟರೆ ಬಂದರಿನಲ್ಲಿ ಕೊಳೆಯುತ್ತದೆ. ದಿನದ ಬಾಡಿಗೆ ತೆರಿಗೆಯನ್ನೂ ಮೀರಬಹುದು.

2. ಪ್ರತಿ ವಸ್ತುವಿನ ಎಚ್‌ಎಸ್ ಕೋಡ್ ಬರೆದಿಡಿ. ಕಂಪ್ಯೂಟರ್ 8471, ಪ್ರಿಂಟರ್ 8443, ಕುರ್ಚಿ 9401, ಇತರ ಪೀಠೋಪಕರಣ 9403ರ ಅಡಿ ಬರುತ್ತವೆ. ಮೊದಲ ಆರು ಅಂಕಿಗಳು ಎಲ್ಲ ದೇಶಗಳಲ್ಲೂ ಒಂದೇ.

3. ಇಲ್ಲಿಂದ ಕಳುಹಿಸುವ ಸಂಸ್ಥೆಗೆ ಆಮದು-ರಫ್ತು ಕೋಡ್ ಬೇಕು. ಜಿಎಸ್‌ಟಿಯಲ್ಲಿ ರಫ್ತಿಗೆ ಶೂನ್ಯ ದರ. ತೆರಿಗೆ ಕಟ್ಟದೆ ಕಳುಹಿಸಲು ಎಲ್‌ಯುಟಿ ಸಲ್ಲಿಸಬೇಕು, ಇಲ್ಲವೇ ಐಜಿಎಸ್‌ಟಿ ಕಟ್ಟಿ ಮರುಪಾವತಿ ಕೇಳಬೇಕು.

4. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಮೂಲ ಪ್ರಮಾಣಪತ್ರ, ಹಡಗು ಅಥವಾ ವಿಮಾನದ ಬಿಲ್ ಇವೆಲ್ಲದರಲ್ಲಿ ಹೆಸರು ಟ್ರೇಡ್ ಲೈಸೆನ್ಸ್‌ನಲ್ಲಿ ಇರುವಂತೆಯೇ ಇರಲಿ.

5. ಮರದ ಪೆಟ್ಟಿಗೆಯಾದರೆ ಐಎಸ್‌ಪಿಎಂ 15 ಮುದ್ರೆ ಇರುವುದನ್ನೇ ಬಳಸಿ. ವಾಕಿಟಾಕಿಯಂಥ ವೈರ್‌ಲೆಸ್ ಉಪಕರಣಕ್ಕೆ ಅಲ್ಲಿಯ ದೂರಸಂಪರ್ಕ ಪ್ರಾಧಿಕಾರದ ಅನುಮತಿ ಬೇಕು. ಅಲ್ಲಿಯ ಪ್ಲಗ್ ಬ್ರಿಟಿಷ್ ಮಾದರಿಯದು, ನಮ್ಮ ಪಿನ್ ಹೊಂದುವುದಿಲ್ಲ.

ಮರಳಿ ತರುವ ಮಾತು

ವ್ಯವಹಾರ ಕೈಗೂಡದಿದ್ದರೆ ಸಾಮಾನು ವಾಪಸು ತಂದರಾಯಿತು ಎಂದು ಲೆಕ್ಕ ಹಾಕಬೇಡಿ. ಬಳಸಿದ ಕಂಪ್ಯೂಟರ್, ಜೆರಾಕ್ಸ್ ಯಂತ್ರಗಳ ಆಮದಿಗೆ ಭಾರತದಲ್ಲಿ ನಿರ್ಬಂಧವಿದ್ದು, ಪರವಾನಗಿ ಬೇಕಾಗುತ್ತದೆ. ಹೋಗುವಾಗಿನ ಶಿಪ್ಪಿಂಗ್ ಬಿಲ್ಲನ್ನೂ ಅದರಲ್ಲಿ ಪ್ರತಿ ಯಂತ್ರದ ಸೀರಿಯಲ್ ನಂಬರನ್ನೂ ಜೋಪಾನ ಮಾಡಿದರೆ ಅದೇ ವಸ್ತು ಮರಳಿ ಬಂದಿದೆ ಎಂದು ತೋರಿಸಲು ಆಧಾರ ಸಿಗುತ್ತದೆ.

ಒಟ್ಟಿನಲ್ಲಿ, ಹಗುರವಾದ, ಬೆಲೆಬಾಳುವ, ಸುಂಕವಿಲ್ಲದ ಉಪಕರಣಗಳನ್ನು ಒಯ್ಯುವುದು ಲೆಕ್ಕಕ್ಕೆ ಕೂಡುತ್ತದೆ. ಭಾರವಾದ, ಅಗ್ಗದ ಪೀಠೋಪಕರಣಗಳನ್ನು ಅಲ್ಲೇ ಕೊಳ್ಳುವುದು ಅನೇಕ ವೇಳೆ ಲೇಸು. ದರ, ನಿಯಮಗಳು ಬದಲಾಗುತ್ತಿರುತ್ತವೆ. ಕಳುಹಿಸುವ ವಾರದಲ್ಲಿ ಒಮ್ಮೆ ಕ್ಲಿಯರಿಂಗ್ ಏಜೆಂಟರಿಂದ ಖಚಿತಪಡಿಸಿಕೊಳ್ಳಿ.