ಫ್ರೆಂಚ್ ಭಾಷೆಯ ಕರ್ತೃವಾಚಕ ಸ್ತ್ರೀಲಿಂಗ ಪ್ರತ್ಯಯಗಳು: ಉಚ್ಚಾರಾಂಶ ವಿಭಜನೆಯ ಚರಿತ್ರೆಯಿಂದ ಒಂದು ನೋಟ

1. ಪ್ರವೇಶ

1635ರಲ್ಲಿ ಸ್ಥಾಪನೆಗೊಂಡ ಫ್ರೆಂಚ್ ಅಕಾಡೆಮಿಯು ವೃತ್ತಿನಾಮಗಳ ಸ್ತ್ರೀಲಿಂಗ ರೂಪಗಳನ್ನು ಕುರಿತ ವರದಿಯೊಂದನ್ನು 2019ರ ಫೆಬ್ರವರಿ 28ರಂದು ಅಂಗೀಕರಿಸಿತು. ಇಂತಹ ರೂಪಗಳಿಗೆ ತಾತ್ತ್ವಿಕವಾದ ಅಡ್ಡಿ ಯಾವುದೂ ಇಲ್ಲವೆಂಬುದು ಆ ವರದಿಯ ನಿಲುವು. ಅಕಾಡೆಮಿ ಈ ಮಾತಿಗೆ ಬರುವ ವೇಳೆಗೆ ಕೆನಡಾದ ಕೆಬೆಕ್ ಪ್ರಾಂತ 1979ರಲ್ಲಿಯೂ, ಫ್ರಾನ್ಸ್ ಸರ್ಕಾರ 1986ರ ಸುತ್ತೋಲೆಯ ಮೂಲಕವೂ, ಬೆಲ್ಜಿಯಮ್ಮಿನ ಫ್ರೆಂಚ್ ಸಮುದಾಯ 1993ರಲ್ಲಿಯೂ ಇದೇ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದ್ದವು. ಆದರೂ ಒಂದು ಪ್ರಶ್ನೆ ಉಳಿದೇ ಇದೆ. ಗ್ರಂಥಕರ್ತನಿಗೆ ‘ಓತೆರ್’ ಎನ್ನುವ ಭಾಷೆ ಗ್ರಂಥಕರ್ತೆಗೆ ಏನೆನ್ನಬೇಕು? ‘ಓತ್ರಿಸ್’ ಎಂದರೆ ಕಿವಿಗೆ ಹಿತವಲ್ಲ ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ಈ ಆಕ್ಷೇಪಕ್ಕೆ ಧ್ವನಿಶಾಸ್ತ್ರೀಯ ಆಧಾರವಿದೆಯೇ ಎಂಬುದನ್ನು ಪ್ರತ್ಯಯಗಳ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಲಿಪ್ಯಂತರದ ಬಗೆಗೆ ಒಂದು ಮಾತು. ‘ಓತೆರ್’, ‘ಶಾಂತೆಜ಼್’ ಮೊದಲಾದ ಆಧುನಿಕ ಕರ್ತೃಪದಗಳ ಕೊನೆಯ ಉಚ್ಚಾರಾಂಶದಲ್ಲಿ ಕಾಣುವ ಎಕಾರವನ್ನು ತುಟಿಗಳನ್ನು ದುಂಡಾಗಿಸಿ ಉಚ್ಚರಿಸಬೇಕು. ಕನ್ನಡದಲ್ಲಿ ಈ ಸ್ವರವಿಲ್ಲ. ‘‑ತ್ರಿಸ್’, ‘‑ರೆಸ್’ ಎಂಬಲ್ಲಿಯ ಸ್ವರಗಳು ಕನ್ನಡದವುಗಳಿಗೆ ಹತ್ತಿರವಾಗಿವೆ.

2. ಲ್ಯಾಟಿನ್ನಿನಿಂದ ಪ್ರಾಚೀನ ಫ್ರೆಂಚಿಗೆ

ಲ್ಯಾಟಿನ್ನಿನಲ್ಲಿ ಕರ್ತೃವಾಚಕದ ಪುಲ್ಲಿಂಗ ಪ್ರತ್ಯಯ ‘‑ತೋರ್’, ಸ್ತ್ರೀಲಿಂಗ ಪ್ರತ್ಯಯ ‘‑ತ್ರಿಕ್ಸ್’. ಹಾಡುಗಾರನೆಂಬ ಅರ್ಥದ ‘ಕಾಂತಾತೋರ್’ ಪದದ ಬಲಾಘಾತ ಪ್ರಥಮಾ ವಿಭಕ್ತಿಯಲ್ಲಿ ‘ತಾ’ ಎಂಬುದರ ಮೇಲೂ, ದ್ವಿತೀಯೆಯ ‘ಕಾಂತಾತೋರೆಮ್’ ರೂಪದಲ್ಲಿ ‘ತೋ’ ಎಂಬುದರ ಮೇಲೂ ಬೀಳುತ್ತಿತ್ತು. ಬಲಾಘಾತದ ಈ ಸ್ಥಾನಪಲ್ಲಟದಿಂದ ಪ್ರಾಚೀನ ಫ್ರೆಂಚಿನಲ್ಲಿ ಒಂದೇ ಪದಕ್ಕೆ ಎರಡು ರೂಪಗಳಾದವು: ಕರ್ತೃಸ್ಥಾನದಲ್ಲಿ ‘ಚಾಂತೇರೆ’, ಇತರ ಸ್ಥಾನಗಳಲ್ಲಿ ‘ಚಾಂತೆ‑ಓರ್’.

ಮೊದಲ ರೂಪದ ಹುಟ್ಟನ್ನು ಉಚ್ಚಾರಾಂಶ ವಿಭಜನೆಯೇ ವಿವರಿಸುತ್ತದೆ. ಲ್ಯಾಟಿನ್ನಿನ ‘ಪಾರ್ತೆಮ್’ (ಭಾಗ) ಪದ ‘ಪಾರ್‑ತೆಮ್’ ಎಂದು ಒಡೆಯುವುದರಿಂದ ಮೊದಲ ಉಚ್ಚಾರಾಂಶ ವ್ಯಂಜನಾಂತ; ಅಲ್ಲಿಯ ಅಕಾರ ಫ್ರೆಂಚಿನಲ್ಲಿಯೂ ಹಾಗೆಯೇ ಉಳಿದಿದೆ. ‘ಪಾತ್ರೆಮ್’ (ತಂದೆ) ಪದದಲ್ಲಾದರೋ ‘ತ್ರ’ ಸಂಯುಕ್ತ ಪೂರ್ತಿಯಾಗಿ ಮುಂದಿನ ಉಚ್ಚಾರಾಂಶಕ್ಕೆ ಸೇರಿ ‘ಪಾ‑ತ್ರೆಮ್’ ಎಂದಾಗುತ್ತದೆ. ಸ್ವರಾಂತವಾದ ಉಚ್ಚಾರಾಂಶದಲ್ಲಿದ್ದ ಅಕಾರ ಎಕಾರವಾಗಿ, ತಕಾರ ಸವೆದು, ‘ಪೇರ್’ ಎಂಬ ಇಂದಿನ ಪದ ಉಳಿದಿದೆ. ‘ಕಾಂತಾತೋರ್’ ಕೂಡ ಇದೇ ದಾರಿ ಹಿಡಿಯಿತು. ಬಲಾಘಾತವಿಲ್ಲದ ಕೊನೆಯ ಓಕಾರ ಬಿದ್ದಾಗ ತಕಾರ ರೇಫಗಳು ಒಂದಾದವು. ಅವೆರಡೂ ಮುಂದಿನ ಉಚ್ಚಾರಾಂಶಕ್ಕೆ ಸೇರಿದುದರಿಂದ ಹಿಂದಿನ ಅಕಾರ ಎಕಾರಕ್ಕೆ ತಿರುಗಿತು.

ಈ ಸವೆತದಲ್ಲಿ ಸ್ತ್ರೀಲಿಂಗದ ‘‑ತ್ರಿಕ್ಸ್’ ತನ್ನ ಗುರುತನ್ನೇ ಕಳೆದುಕೊಂಡಿತು. ಚಕ್ರವರ್ತಿನಿ ಎಂಬ ಅರ್ಥದ ‘ಇಂಪೆರಾತ್ರೀಕೆಮ್’ ಪ್ರಾಚೀನ ಫ್ರೆಂಚಿನಲ್ಲಿ ‘ಎಂಪೆರೆರಿತ್ಸ್’ ಆಯಿತು. ಪ್ರತ್ಯಯದ ತಕಾರ ಅಲ್ಲಿ ಕಾಣೆಯಾಗಿದೆ. ತೆರವಾದ ಸ್ಥಾನವನ್ನು ತುಂಬಿದ್ದು, ಗ್ರೀಕಿನ ‘‑ಇಸ್ಸಾ’ದಿಂದ ಲ್ಯಾಟಿನ್ನಿನ ಮೂಲಕ ಬಂದ ‘‑ಎಸ್’ ಪ್ರತ್ಯಯ. ಅದು ‘‑ಏರೆ’ಯೊಂದಿಗೆ ಕೂಡಿ ‘‑ಎರೆಸ್’ ಹುಟ್ಟಿತು. ಮೋಡಿಗಾರ್ತಿಗೆ ‘ಆಂಶಾಂತ್‌ರೆಸ್’, ಪಾಪಿಯಾದ ಹೆಂಗಸಿಗೆ ‘ಪೆಶ್‌ರೆಸ್’ ಎಂಬ ಪದಗಳು ಇಂದಿಗೂ ಬಳಕೆಯಲ್ಲಿವೆ. ನ್ಯಾಯಾಲಯದ ಭಾಷೆಯಲ್ಲಿ ವಾದಿಯಾದ ಮಹಿಳೆ ‘ದೆಮಾಂದ್‌ರೆಸ್’, ಪ್ರತಿವಾದಿಯಾದವಳು ‘ದೆಫಾಂದ್‌ರೆಸ್’. ಉಳಿದೆಡೆ ಈ ಪ್ರತ್ಯಯ ಹಿಂದೆ ಸರಿದುದಕ್ಕೆ ವಿಭಕ್ತಿವ್ಯವಸ್ಥೆಯ ಅಳಿವೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ‘ಚಾಂತೇರೆ’ ಎಂಬ ಕರ್ತೃರೂಪ ಮರೆಯಾದ ಮೇಲೆ ‘‑ಎರೆಸ್’ ತನ್ನ ಪುಲ್ಲಿಂಗದ ಜೊತೆಯನ್ನು ಕಳೆದುಕೊಂಡಿತು.

3. ರೇಫದ ಮೌನ, ‘‑ಎಜ಼್’ನ ಪ್ರವೇಶ

ಉಳಿದುಕೊಂಡ ‘ಚಾಂತೆ‑ಓರ್’ ರೂಪದಲ್ಲಿ ಮೂರು ಉಚ್ಚಾರಾಂಶಗಳಿದ್ದವು. ಮಧ್ಯಕಾಲದ ಕೊನೆಯ ವೇಳೆಗೆ ಪಕ್ಕಪಕ್ಕದ ಎರಡು ಸ್ವರಗಳು ಒಂದಾಗಿ, ಎರಡೇ ಉಚ್ಚಾರಾಂಶಗಳ ‘ಶಾಂತೆರ್’ ಸಿದ್ಧವಾಯಿತು. ಅದೇ ಕಾಲದಲ್ಲಿ ಪದಾಂತ್ಯದ ರೇಫ ಆಡುಮಾತಿನಿಂದ ಮರೆಯಾಗತೊಡಗಿ ಈ ಪದ ‘ಶಾಂತೆ’ ಎಂದು ಕೇಳಿಸುತ್ತಿತ್ತು. ಮಹಾಶಯ ಎಂಬ ಅರ್ಥದ ‘ಮೆಸ್ಯೆ’ ಪದದ ಬರಹದಲ್ಲಿರುವ ರೇಫ ಇಂದಿಗೂ ಉಚ್ಚಾರದಲ್ಲಿಲ್ಲ. ಆ ಕಾಲದ ಕುರುಹು ಅದು.

ರೇಫ ಮರೆಯಾದಾಗ ಕರ್ತೃವಾಚಕಗಳು ಬೇರೊಂದು ಗುಂಪಿನ ಪದಗಳೊಂದಿಗೆ ಬೆರೆತವು. ಲ್ಯಾಟಿನ್ನಿನ ‘‑ಓಸುಸ್’ ಪ್ರತ್ಯಯದಿಂದ ಬಂದ ವಿಶೇಷಣಗಳು ಪುಲ್ಲಿಂಗದಲ್ಲಿ ‘‑ಎ’ ಎಂದೂ ಸ್ತ್ರೀಲಿಂಗದಲ್ಲಿ ‘‑ಎಜ಼್’ ಎಂದೂ ಕೊನೆಗೊಳ್ಳುತ್ತವೆ. ಪ್ರೇಮಿಯಾದವನು ‘ಆಮೂರೆ’, ಪ್ರೇಮಿಯಾದವಳು ‘ಆಮೂರೆಜ಼್’. ‘ಆಮೂರೆ’ಗೆ ‘ಆಮೂರೆಜ಼್’ ಇರುವಂತೆ ‘ಶಾಂತೆ’ಗೆ ‘ಶಾಂತೆಜ಼್’ ಎಂಬ ಸಾದೃಶ್ಯ ಸಹಜವಾಗಿಯೇ ಮೂಡಿತು. ಮುಂದೆ ವೈಯಾಕರಣರ ಮತ್ತು ಬರಹದ ಪ್ರಭಾವದಿಂದ ಪುಲ್ಲಿಂಗಕ್ಕೆ ರೇಫ ಮರಳಿತು. ಸ್ತ್ರೀಲಿಂಗ ಮಾತ್ರ ಬದಲಾಗಲಿಲ್ಲ. ಇಂದಿನ ವಿದ್ಯಾರ್ಥಿಗೆ ವಿಚಿತ್ರವೆನಿಸುವ ‘ಶಾಂತೆರ್/ಶಾಂತೆಜ಼್’ ಜೋಡಿಯ ಗುಟ್ಟು ಇಷ್ಟೇ. ಕೇಳದೆ ಹೋದ ಒಂದು ವ್ಯಂಜನದ ಮೇಲೆ ಕಟ್ಟಿದ ರೂಪ ಅದು.

4. ತಕಾರ ಯಾರಿಗೆ ಸೇರಿದ್ದು?

‘‑ತ್ರಿಸ್’ ಪ್ರತ್ಯಯ ಪಂಡಿತರ ಲ್ಯಾಟಿನ್ನಿನಿಂದಲೂ ಇಟಾಲಿಯನ್ನಿನಿಂದಲೂ ಹೊಸದಾಗಿ ಬಂದುದು. ಹಾಡುವವಳು ‘ಶಾಂತೆಜ಼್’, ಶಾಸ್ತ್ರೀಯ ಗಾಯಕಿ ಇಟಾಲಿಯನ್ ಮೂಲದ ‘ಕಾಂತಾತ್ರಿಸ್’. ಹಾಡುಗಾರ್ತಿ, ಗಾಯಕಿ ಎಂಬ ಪದಗಳನ್ನು ಅಕ್ಕಪಕ್ಕದಲ್ಲಿಟ್ಟು ಬಳಸುವ ಕನ್ನಡಿಗರಿಗೆ ಈ ಇಬ್ಬಗೆ ಹೊಸದಲ್ಲ. ಪ್ರತ್ಯಯವೂ ನಮಗೆ ಅಪರಿಚಿತವಲ್ಲ. ಸಂಸ್ಕೃತದ ‘‑ತೃ’, ‘‑ತ್ರೀ’ಗಳೊಂದಿಗೆ ಲ್ಯಾಟಿನ್ನಿನ ‘‑ತೋರ್’, ‘‑ತ್ರಿಕ್ಸ್’ಗಳು ಇಂಡೋ‑ಯುರೋಪಿಯನ್ ಮೂಲದಲ್ಲಿ ದಾಯಾದಿಗಳು, ನಾವು ನಿತ್ಯ ಬಳಸುವ ‘ಕವಯಿತ್ರಿ’, ‘ಅಭಿನೇತ್ರಿ’ಗಳ ‘ತ್ರಿ’ಯೂ ‘ಆಕ್ತ್ರಿಸ್’ (ನಟಿ) ಎಂಬುದರ ‘ತ್ರಿ’ಯೂ ಒಂದೇ ಬೇರಿನ ಚಿಗುರುಗಳು.

ಎಲ್ಲಿ ‘‑ಎಜ಼್’, ಎಲ್ಲಿ ‘‑ತ್ರಿಸ್’ ಎಂಬುದನ್ನು ನಿರ್ಣಯಿಸುವಲ್ಲಿ ಉಚ್ಚಾರಾಂಶದ ಗಡಿಗೂ ಆಕೃತಿಮಾದ ಗಡಿಗೂ ಇರುವ ವ್ಯತ್ಯಾಸ ಮುಖ್ಯವಾಗುತ್ತದೆ. ‘ಶಾಂತೆರ್’ ಪದ ಉಚ್ಚಾರದಲ್ಲಿ ‘ಶಾಂ‑ತೆರ್’ ಎಂದು ಒಡೆದರೂ ಅಲ್ಲಿಯ ತಕಾರ ಹಾಡು ಎಂಬ ಅರ್ಥದ ಧಾತುವಿನದು. ರಚನೆಯ ದೃಷ್ಟಿಯಿಂದ ಅದು ‘ಶಾಂತ್‑ಎರ್’. ‘ಲೆಕ್ತೆರ್’ (ಓದುಗ) ಪದವೂ ‘ಲೆಕ್‑ತೆರ್’ ಎಂದೇ ಒಡೆಯುತ್ತದೆ. ಆದರೆ ಓದು ಎಂಬ ಅರ್ಥದ ‘ಲೀರ್’ ಕ್ರಿಯಾಪದದಲ್ಲಿ ತಕಾರವಿಲ್ಲ, ಅದು ಪ್ರತ್ಯಯಕ್ಕೆ ಸೇರಿದ್ದು. ಆದುದರಿಂದ ಮೊದಲನೆಯದಕ್ಕೆ ‘ಶಾಂತೆಜ಼್’, ಎರಡನೆಯದಕ್ಕೆ ‘ಲೆಕ್ತ್ರಿಸ್’. ಸಂಪಾದಕಿ ಎಂಬ ಅರ್ಥದ ‘ಎದಿತ್ರಿಸ್’, ಪರಿವೀಕ್ಷಕಿ ಎಂಬ ಅರ್ಥದ ‘ಎಂಸ್ಪೆಕ್ತ್ರಿಸ್’ ಮೊದಲಾದ ಕೆಲವು ಅಪವಾದಗಳಿವೆ. ಅವೂ ಪಂಡಿತ ಪದಗಳೇ.

5. ‘ಓತ್ರಿಸ್’ ಪದದ ಪಾಡು

ಈಗ ಮೊದಲ ಪ್ರಶ್ನೆಗೆ ಮರಳಬಹುದು. ‘ಓತೆರ್’ ಪದದ ಹಿಂದೆ ತಕಾರಾಂತವಾದ ಫ್ರೆಂಚ್ ಧಾತು ಯಾವುದೂ ಇಲ್ಲ. ನಿಯಮದಂತೆ ಅದರ ಸ್ತ್ರೀಲಿಂಗ ‘ಓತ್ರಿಸ್’. ಉಚ್ಚಾರಾಂಶದ ದೃಷ್ಟಿಯಿಂದಲೂ ಇಲ್ಲಿ ತೊಡಕಿಲ್ಲ: ‘ಓ‑ತ್ರಿಸ್’ ಎಂದು ಸರಾಗವಾಗಿ ಒಡೆಯುತ್ತದೆ. ‘ಆಕ್‑ತ್ರಿಸ್’ ಎಂಬಲ್ಲಿ ಮೂರು ವ್ಯಂಜನಗಳು ಒಟ್ಟಿಗೆ ಬರುತ್ತವೆ, ‘ಓತ್ರಿಸ್’ನಲ್ಲಿ ಎರಡೇ. ಕಠಿಣವಾದುದನ್ನು ಒಪ್ಪಿದ ಕಿವಿ ಸುಲಭವಾದುದನ್ನು ಒಲ್ಲದು ಎನ್ನುವುದನ್ನು ಧ್ವನಿಶಾಸ್ತ್ರ ಸಮರ್ಥಿಸಲಾರದು.

ಪದ ಹೊಸದೂ ಅಲ್ಲ. 16ನೇ ಶತಮಾನದಿಂದಲೇ ಫ್ರೆಂಚಿನಲ್ಲಿ ಇದರ ಬಳಕೆಯಿತ್ತೆಂಬುದನ್ನು ಓರೋರ್ ಎವೆನ್ ಅವರು 2008ರ ತಮ್ಮ ಅಧ್ಯಯನದಲ್ಲಿ ದಾಖಲಿಸಿದ್ದಾರೆ. 17ನೇ ಶತಮಾನದಲ್ಲಿ ‘ಆಕ್ತ್ರಿಸ್’ ನೆಲೆಯೂರಿತು, ‘ಓತ್ರಿಸ್’ ಅಂಚಿಗೆ ಸರಿಯಿತು. ಒಂದೇ ಪ್ರತ್ಯಯ, ಒಂದೇ ಕಾಲ, ಒಂದೇ ಭಾಷೆ. ಭೇದವಿರುವುದು ವೃತ್ತಿಯಲ್ಲಿ ಮಾತ್ರ. ರಂಗದ ಮೇಲೆ ಹೆಣ್ಣನ್ನು ಒಪ್ಪಿದ ಸಮಾಜ ಕರ್ತೃತ್ವದ ಅಧಿಕಾರದಲ್ಲಿ ಅವಳನ್ನು ಒಪ್ಪಲಿಲ್ಲ.

ಕೆಬೆಕ್‌ನಿಂದ ಹರಡಿದ ಇನ್ನೊಂದು ರೂಪದಲ್ಲಿ ‘ಓತೆರ್’ ಪದದ ಕೊನೆಗೆ ಮೂಕ ಎಕಾರವೊಂದನ್ನು ಬರೆಯಲಾಗುತ್ತದೆ. ಶಿಷ್ಟ ಉಚ್ಚಾರದಲ್ಲಿ ಈ ಅಕ್ಷರ ಹೊಸ ಉಚ್ಚಾರಾಂಶವನ್ನೂ ಕೊಡದು, ಹೊಸ ವ್ಯಂಜನವನ್ನೂ ಎಬ್ಬಿಸದು. ‘ಶಾಂತೆಜ಼್’ ಪದದ ಮೂಕ ಎಕಾರಕ್ಕೆ ಮೊದಲು ಜ಼ಕಾರವಾದರೂ ಕೇಳುತ್ತದೆ. ಇಲ್ಲಿ ಗಂಡಿಗೂ ಹೆಣ್ಣಿಗೂ ‘ಓತೆರ್’ ಎಂಬುದೇ ಕೇಳುತ್ತದೆ. ಪದಾಂತ್ಯದ ಎಕಾರವನ್ನು ಉಚ್ಚರಿಸುವ ದಕ್ಷಿಣ ಫ್ರಾನ್ಸಿನ ಆಡುಮಾತಿನಲ್ಲಿ ಮಾತ್ರ ಭೇದ ತೋರೀತು. ‘ಓತ್ರಿಸ್’ ಪದದ ರಚನೆ ಹೆಚ್ಚು ಸಮರ್ಪಕವೆಂದು ಅಕಾಡೆಮಿಯ ವರದಿಯೇ ಹೇಳಿದೆ.

6. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ‘‑ಎರೆಸ್’ನ ಹುಟ್ಟನ್ನೂ ‘‑ಎಜ಼್’ನ ಪ್ರವೇಶವನ್ನೂ ಧ್ವನಿಪರಿವರ್ತನೆಯಿಂದ ವಿವರಿಸಲು ಸಾಧ್ಯ. ‘ಓತ್ರಿಸ್’ನ ಹಿಂದೆಸರಿತವನ್ನು ಹಾಗೆ ವಿವರಿಸಲು ಸಾಧ್ಯವಿಲ್ಲ, ಅದು ಸಮಾಜಚರಿತ್ರೆಗೆ ಸೇರಿದ ಸಂಗತಿ. ಪದವೊಂದು ಕಿವಿಗೆ ಒಗ್ಗದು ಎಂದು ತೀರ್ಪು ಕೊಡುವ ಮೊದಲು, ಅದೇ ಅಚ್ಚಿನ ಬೇರೆ ಪದಗಳನ್ನು ಆ ಕಿವಿ ಒಪ್ಪಿಕೊಂಡಿದೆಯೇ ಎಂದು ನೋಡುವುದು ಭಾಷಾವಿಜ್ಞಾನಿಯ ಕರ್ತವ್ಯ. ‘ಕವಯಿತ್ರಿ’ ಎಂದು ಅನಾಯಾಸವಾಗಿ ಹೇಳುವ ನಮಗೆ ಇದನ್ನು ಮನಗಾಣುವುದು ಕಷ್ಟವಾಗಲಾರದು.